ಹೊಟ್ಟೆ ಆರಾಮಾಗಿದೆ, ಆದ್ರೂ ಕೊಲೊನೋಸ್ಕೋಪಿ ಬೇಕಂತೆ. ಯಾಕೆ?

ಅರಸೀಕೆರೆ_ಜಂಕ್ಷನ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನಗೀಗ 39. 2013ರಲ್ಲಿ ಮೊದಲ ಸಲ ಭೇದಿ ಶುರುವಾಯಿತು, ಜೊತೆಗೆ ರಕ್ತ, ಲೋಳೆ. ಊರಿನ ಡಾಕ್ಟರು ಆಮಶಂಕೆ ಅಂದರು, ಮಾತ್ರೆ ಕೊಟ್ಟರು. ಇಳಿಯಿತು, ಮತ್ತೆ ಬಂತು. ಇನ್ನೊಬ್ಬರು ಮೂಲವ್ಯಾಧಿ ಅಂದರು. ಹೀಗೇ ಒಂದು ವರ್ಷ ಹೋಯಿತು, ಹನ್ನೊಂದು ಕೆಜಿ ಇಳಿದೆ. 2014ರಲ್ಲಿ ಬೆಂಗಳೂರಿನಲ್ಲಿ ಸ್ಕೋಪ್ (ಕೊಲೊನೋಸ್ಕೋಪಿ, ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡೋದು) ಹಾಕಿದಾಗ ಗೊತ್ತಾಗಿದ್ದು ಅಲ್ಸರೇಟಿವ್ ಕೊಲೈಟಿಸ್ ಅಂತ, ಅಂದ್ರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗೋ ಕಾಯಿಲೆ, ಅದೂ ಇಡೀ ದೊಡ್ಡ ಕರುಳಿಗೆ. ಸ್ಟೀರಾಯ್ಡ್ ಕೊಟ್ಟರು, ಆಮೇಲೆ ಉರಿಯೂತ ಇಳಿಸೋ ಮೆಸಲಮೈನ್ ಮಾತ್ರೆ.

ಈಗ ಮೂರು ವರ್ಷದಿಂದ ಏನೂ ತೊಂದರೆ ಇಲ್ಲ. ಮದುವೆ ಮನೆ ಊಟಾನೂ ಮಾಡ್ತೀನಿ. ಮೊನ್ನೆ ಫಾಲೋಅಪ್‌ಗೆ ಹೋದರೆ ಡಾಕ್ಟರು, "ಹನ್ನೆರಡು ವರ್ಷ ಆಗ್ತಾ ಬಂತು, ಕ್ಯಾನ್ಸರ್‌ಗೆ ಅಂತ ಒಂದು ಕೊಲೊನೋಸ್ಕೋಪಿ ಮಾಡಿಸಿಬಿಡೋಣ" ಅಂದರು. ಎದೆ ಧಸಕ್ ಅಂತು. ಹೆಂಡತಿಗೆ ಇನ್ನೂ ಹೇಳಿಲ್ಲ.

ಎರಡೇ ಪ್ರಶ್ನೆ. ಕರುಳಿನ ಉರಿಯೂತ ನಿಜವಾಗಲೂ ಕ್ಯಾನ್ಸರ್ ಆಗುತ್ತಾ, ಇಲ್ಲ ಸುಮ್ನೆ ಹೆದರಿಸ್ತಾರಾ? ಹೊಟ್ಟೆ ಕೆಟ್ಟಾಗ ಬಿಟ್ಟು ಚೆನ್ನಾಗಿರುವಾಗ ಯಾಕೆ ಸ್ಕೋಪ್?

ಕಷಾಯ_ಪ್ರಿಯ

ಗುರುಗಳೇ, ಸುಮ್ನೆ ಇರೋ ಹಾವಿನ ಬಾಲ ಯಾಕೆ ತುಳೀತೀರಾ. ಮೂರು ವರ್ಷದಿಂದ ಚೆನ್ನಾಗಿದೆ ಅಂದ್ರೆ ವಾಸಿಯಾಗಿದೆ ಅಂತಾನೇ ಅರ್ಥ. ಬೆಳಗ್ಗೆ ಖಾಲಿ ಹೊಟ್ಟೆಗೆ ಅರಿಶಿನ, ಮಜ್ಜಿಗೆ. ಮಾತ್ರೆ ನಿಧಾನಕ್ಕೆ ಬಿಡಿ.

ಕುಂದಾಪ್ರದವ

ಕಷಾಯದ ಅಣ್ಣಾ, ಹಾಗೆ ಹೇಳ್ಬೇಡಿ ಮಾರಾಯ್ರೆ. ನಮ್ಮ ಮನೆಯಲ್ಲಿ ಆದದ್ದು ಹೇಳ್ತೇನೆ, ಸ್ವಲ್ಪ ಹೊತ್ತಲ್ಲಿ ಬರೀತೇನೆ. ಈಗ ಅಂಗಡಿಯಲ್ಲಿದ್ದೇನೆ.

ಸ್ಲೈಡ್_ಅಕ್ಕ

ನಾನು ಪೆಥಾಲಜಿಯವಳು. ನಿಮ್ಮ ಕರುಳಿನಿಂದ ತೆಗೆದ ಚೂರು ಕೊನೆಗೆ ಬರೋದು ನಮ್ಮಂಥವರ ಮೈಕ್ರೋಸ್ಕೋಪ್ ಕೆಳಗೇ. ಹಾಗಾಗಿ ಕಣ್ಣಿಗೆ ಕಾಣೋದರಿಂದಲೇ ಶುರು ಮಾಡ್ತೀನಿ.

ಸರಿಯಾಗಿರುವ ದೊಡ್ಡ ಕರುಳಿನ ಒಳಪದರ ನೋಡಿದರೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಪರೀಕ್ಷಾ ನಳಿಕೆಗಳ ಹಾಗೆ ಇರುತ್ತೆ. ನೇರ, ಒಂದರ ಪಕ್ಕ ಒಂದು, ಒಂದೇ ಎತ್ತರ. ಇವಕ್ಕೆ ಕ್ರಿಪ್ಟ್ ಅಂತಾರೆ. ಪ್ರತಿ ನಳಿಕೆಯ ತಳದಲ್ಲಿ ಬೀಜದ ಕೋಶಗಳು, ಅಂದ್ರೆ ಸ್ಟೆಮ್ ಸೆಲ್‌ಗಳು ಇರ್ತವೆ. ಅವು ಒಡೆದು ಹುಟ್ಟಿದ ಕೋಶಗಳು ಮೇಲೇರಿ, ಸವೆದು ಉದುರಿ ಹೋಗ್ತವೆ. ನಾಲ್ಕೈದು ದಿನಕ್ಕೊಮ್ಮೆ ಒಳಪದರ ಪೂರ್ತಿ ಹೊಸದಾಗುತ್ತೆ. ನಮ್ಮ ಮೈಯಲ್ಲಿ ಇಷ್ಟು ಬಿರುಸಾಗಿ ಕೆಲಸ ನಡೆಯುವ ಜಾಗ ಕಡಿಮೆ.

ಹತ್ತು ವರ್ಷ ಕೊಲೈಟಿಸ್ ಇರುವವರ ಚೂರು ನೋಡಿದರೆ ಆ ಸಾಲೇ ಕೆಟ್ಟಿರುತ್ತೆ. ಒಂದು ನಳಿಕೆ ಕವಲೊಡೆದಿರುತ್ತೆ, ಇನ್ನೊಂದು ಗಿಡ್ಡ, ನಡುವೆ ಒಂದೆರಡು ಮಾಯ. ಬಿದ್ದ ಬೇಲಿಯನ್ನ ಸಿಕ್ಕ ಸಿಕ್ಕ ಕಡ್ಡಿ ನೆಟ್ಟು ಎಬ್ಬಿಸಿದ ಹಾಗೆ. ರೋಗ ಕೆರಳಿರುವಾಗಲಂತೂ ನಳಿಕೆ ಒಳಗೇ ಕೀವು ತುಂಬಿರುತ್ತೆ.

ಆ ಕೀವಿನ ಕಣಗಳು ಬಂದಿರೋದು ರೋಗಾಣು ಸುಡೋಕೆ. ಅದಕ್ಕೆ ಅವು ಉಗುಳುವ ಆಮ್ಲಜನಕದ ಉರಿ ಪದಾರ್ಥಗಳು ಪಕ್ಕದ ಕರುಳ ಕೋಶದ ಡಿಎನ್‌ಎಯನ್ನೂ ಸುಡ್ತವೆ. ಗಾಯ ಮುಚ್ಚಲು ತಳದ ಕೋಶಗಳು ಇನ್ನೂ ಜೋರಾಗಿ ಒಡೆಯಬೇಕು. ಡಿಎನ್‌ಎಗೆ ಪೆಟ್ಟು ಬಿದ್ದಿರುವಾಗಲೇ ಅವಸರದ ನಕಲು. ತಪ್ಪು ಉಳಿದುಕೊಳ್ಳೋದು ಅಲ್ಲೇ. ಒಂದು ಸಲ ಆದ್ರೆ ಏನೂ ಅಲ್ಲ. ಗಾಯ, ರಿಪೇರಿ, ಮತ್ತೆ ಗಾಯ, ಮತ್ತೆ ರಿಪೇರಿ ಅಂತ ಹನ್ನೆರಡು ವರ್ಷ ನಡೆದರೆ?

2020ರಲ್ಲಿ ಇದನ್ನ ಒಂದೊಂದು ಕ್ರಿಪ್ಟ್ ಬಿಡಿಸಿ ತೆಗೆದು ಎಣಿಸಿದ್ದಾರೆ. ಕ್ಯಾನ್ಸರ್ ಇಲ್ಲದ, ಬರೀ ಉರಿಯೂತದ ಕರುಳಲ್ಲೂ ಡಿಎನ್‌ಎ ತಪ್ಪುಗಳು ಸೇರುವ ವೇಗ ಸಾಮಾನ್ಯರಿಗಿಂತ ಸುಮಾರು 2.4 ಪಟ್ಟು.

ಹಾಗಾಗಿ ಅರಸೀಕೆರೆಯವರೇ, ಡಾಕ್ಟರು ಸುಮ್ನೆ ಹೆದರಿಸ್ತಿಲ್ಲ. ಆದ್ರೆ ನಿಮಗೆ ಕ್ಯಾನ್ಸರ್ ಬಂದೇ ಬರುತ್ತೆ ಅಂತಾನೂ ಅಲ್ಲ.

ಕಾಫಿಪುಡಿ_ಕಾಲು_ಕೆಜಿ

ಉರಿಯೂತದಿಂದ ಕ್ಯಾನ್ಸರ್ ಅನ್ನೋದು ಹೊಸ ಮಾತೇನಲ್ಲ. ಜರ್ಮನಿಯ ವೈದ್ಯ ರುಡಾಲ್ಫ್ ಫಿರ್ಕೋ 1863ರಲ್ಲೇ ಹೇಳಿದ್ದ, ಗೆಡ್ಡೆಯೊಳಗೆ ಬಿಳಿ ರಕ್ತಕಣಗಳು ಕಾಣ್ತವೆ, ದೀರ್ಘಕಾಲ ಉರಿಯೂತ ಇರುವ ಜಾಗದಲ್ಲೇ ಇದು ಹುಟ್ಟುತ್ತೆ ಅಂತ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕ್ಯಾನ್ಸರ್ ಆದದ್ದನ್ನ ಮೊದಲು ದಾಖಲು ಮಾಡಿದ್ದು 1925ರಲ್ಲಿ, ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ರೋಸೆನ್‌ಬರ್ಗ್. ಹೌದು, ಕರುಳಿನ ಇನ್ನೊಂದು ಉರಿಯೂತದ ಕಾಯಿಲೆ ಇದೆಯಲ್ಲ, ಕ್ರೋನ್ಸ್, ಅದೇ ಕ್ರೋನ್. ತನ್ನ ಹೆಸರಿನ ಕಾಯಿಲೆಯನ್ನ ವಿವರಿಸಿದ್ದು ಅದಕ್ಕೂ ಏಳು ವರ್ಷ ಆದ್ಮೇಲೆ.

ಹೆಪಟೈಟಿಸ್ ಬಿ ಇಂದ ಲಿವರ್ ಕ್ಯಾನ್ಸರ್, ಹೆಲಿಕೋಬ್ಯಾಕ್ಟರ್ ಇಂದ ಹೊಟ್ಟೆ ಕ್ಯಾನ್ಸರ್. ಎಲ್ಲಾ ಒಂದೇ ದಾರಿ.

ಮೌನಿ_ಮೈಸೂರು

ಮಧ್ಯೆ ಬಂದೆ, ಕ್ಷಮಿಸಿ. ನನಗೆ ಐಬಿಎಸ್ ಇದೆ. ತಿಂಡಿ ತಿಂದ ತಕ್ಷಣ ಓಡಬೇಕು, ಪರೀಕ್ಷೆ, ಇಂಟರ್‌ವ್ಯೂ ಇದ್ರೆ ಇನ್ನೂ ಜಾಸ್ತಿ. ಇದನ್ನೆಲ್ಲಾ ಓದಿ ಭಯ ಆಗ್ತಿದೆ.

ಸ್ಲೈಡ್_ಅಕ್ಕ

ಬೇಡಮ್ಮ, ಭಯ ಬೇಡ. ಐಬಿಎಸ್ ಬೇರೆ, ಐಬಿಡಿ (ಕೊಲೈಟಿಸ್, ಕ್ರೋನ್ಸ್ ಥರದ ಉರಿಯೂತದ ಕಾಯಿಲೆ) ಬೇರೆ. ಕೊನೆಯ ಒಂದು ಅಕ್ಷರದಿಂದ ಎಷ್ಟು ಜನ ನಿದ್ದೆ ಕೆಡಿಸ್ಕೊಂಡಿದ್ದಾರೋ! ಐಬಿಎಸ್‌ನಲ್ಲಿ ಕರುಳಿನ ಓಟ ಕೆಟ್ಟಿರುತ್ತೆ, ಒಳಪದರದಲ್ಲಿ ಹುಣ್ಣಾಗಲ್ಲ, ಅದು ಕ್ಯಾನ್ಸರ್‌ಗೂ ತಿರುಗಲ್ಲ. ಆದ್ರೆ ರಕ್ತ ಹೋದ್ರೆ, ತೂಕ ಇಳಿದ್ರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿ ಓಡಿಸಿದ್ರೆ ಅದನ್ನ ಐಬಿಎಸ್ ಲೆಕ್ಕಕ್ಕೆ ಹಾಕಬೇಡಿ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನೋ ಪರೀಕ್ಷೆ ಇದೆ, ಎರಡನ್ನೂ ಬೇರೆ ಮಾಡೋಕೆ ಸಹಾಯ ಆಗುತ್ತೆ.

ಅರಸೀಕೆರೆ_ಜಂಕ್ಷನ್

ಅಕ್ಕಾ, ಬೇಲಿ ಉದಾಹರಣೆ ಮನಸ್ಸಿಗೆ ನಾಟಿತು. ಆದ್ರೆ ಇಂಟರ್‌ನೆಟ್‌ನಲ್ಲಿ ನೋಡಿದೆ, 30 ವರ್ಷಕ್ಕೆ ನೂರಕ್ಕೆ 18 ಜನಕ್ಕೆ ಅಂತಿದೆ. ರಾತ್ರಿ ನಿದ್ದೆ ಬರಲಿಲ್ಲ. ಅಂದ್ರೆ ಐದಾರು ಜನರಲ್ಲಿ ಒಬ್ಬರಿಗಾ?

ಲೆಸ್ಟರ್_ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ಎಂಡೋಸ್ಕೋಪಿ ನರ್ಸ್, ಊರು ತಿಪಟೂರು. ನಿಮ್ಮ ಪಕ್ಕದವಳೇ ಅಣ್ಣ.

ಆ ಲೆಕ್ಕ 2001ರದು. ಹಳೆಯ ಹಲವು ಅಧ್ಯಯನಗಳನ್ನ ಕೂಡಿಸಿ 10 ವರ್ಷಕ್ಕೆ ಸುಮಾರು 2, 20 ವರ್ಷಕ್ಕೆ 8, 30 ವರ್ಷಕ್ಕೆ 18 ಅಂತ ತೆಗೆದಿದ್ದರು. ಅದರಲ್ಲಿ ದೊಡ್ಡ ಆಸ್ಪತ್ರೆಗೆ ಬಂದ ತೀವ್ರ ಕಾಯಿಲೆಯವರೇ ಜಾಸ್ತಿ. ಆಮೇಲೆ ಔಷಧಿ ಸುಧಾರಿಸಿತು, ಸ್ಕೋಪ್ ಸುಧಾರಿಸಿತು. 2020ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್‌ನ 96 ಸಾವಿರಕ್ಕೂ ಹೆಚ್ಚು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಲೆಕ್ಕ ಬಂತು. ಅದರಲ್ಲಿ ಉಳಿದ ಜನರಿಗೆ ಹೋಲಿಸಿದರೆ ಕರುಳಿನ ಕ್ಯಾನ್ಸರ್ ಸುಮಾರು 1.66 ಪಟ್ಟು. ಇದೆ, ಆದ್ರೆ ನೀವು ಹೆದರಿದಷ್ಟು ಇಲ್ಲ.

ಎಲ್ಲರಿಗೂ ಒಂದೇ ಅಳತೆಯೂ ಅಲ್ಲ. ಸ್ವೀಡನ್‌ನಿಂದಲೇ 1990ರಲ್ಲಿ ಬಂದ ಅಧ್ಯಯನದಲ್ಲಿ ಬರೀ ಗುದನಾಳದಲ್ಲಿ ಉರಿಯೂತ ಇದ್ದವರಿಗೆ 1.7 ಪಟ್ಟು, ಎಡಭಾಗಕ್ಕೆ 2.8, ಇಡೀ ಕರುಳಿಗಾದರೆ 14.8. ಅದೂ ಹಳೇ ಕಾಲದ್ದೇ, ಸಂಖ್ಯೆ ಹಿಡ್ಕೊಂಡು ಕೂರಬೇಡಿ. ಏರುವ ಕ್ರಮ ಮಾತ್ರ ಇಂದಿಗೂ ಅದೇ. ನಿಮ್ಮದು ಇಡೀ ಕರುಳು, ಹನ್ನೆರಡು ವರ್ಷ. ಅದಕ್ಕೇ ಡಾಕ್ಟರು ಕೇಳ್ತಿರೋದು.

ನಮ್ಮಲ್ಲಿ ಲಕ್ಷಣ ಶುರುವಾಗಿ 8 ವರ್ಷಕ್ಕೆ ಮೊದಲ ತಪಾಸಣೆ. ರೋಗ ಪತ್ತೆಯಾದ ದಿನದಿಂದ ಅಲ್ಲ, ಮೊದಲ ಭೇದಿಯಿಂದ ಲೆಕ್ಕ. ಅಪಾಯ ಜಾಸ್ತಿ ಇದ್ದವರಿಗೆ ವರ್ಷಕ್ಕೊಮ್ಮೆ, ಮಧ್ಯಮದವರಿಗೆ 3 ವರ್ಷಕ್ಕೆ, ಕಡಿಮೆ ಇದ್ದವರಿಗೆ 5 ವರ್ಷಕ್ಕೆ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ? ಲಿವರ್‌ನ ಪಿತ್ತನಾಳದ ತೊಂದರೆ ಏನಾದ್ರೂ ಹೇಳಿದ್ರಾ? ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ ಅಂತ ಒಂದಿದೆ. ಅದಿದ್ದರೆ ಎಂಟು ವರ್ಷ ಕಾಯಲ್ಲ, ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಸ್ಕೋಪ್.

ಅಂದಹಾಗೆ ನಮ್ಮ ಲೆಸ್ಟರ್ ಈ ಕಾಯಿಲೆಯ ಇತಿಹಾಸದಲ್ಲಿ ಹೆಸರಾದ ಊರು. ಇಲ್ಲಿಗೆ ಬಂದು ನೆಲೆಸಿದ ಭಾರತೀಯರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಸ್ಥಳೀಯ ಬಿಳಿಯರಿಗಿಂತ ಜಾಸ್ತಿ ಅಂತ 90ರ ದಶಕದಲ್ಲೇ ಲೆಕ್ಕ ಮಾಡಿದ್ದರು. ನಮ್ಮವರಿಗೆ ಇದು ಬರಲ್ಲ ಅನ್ನೋ ಮಾತು ಈಗಲೂ ಕೇಳ್ತಿರ್ತೀನಿ, ನಗು ಬರುತ್ತೆ.

ಅರಸೀಕೆರೆ_ಜಂಕ್ಷನ್

ಮನೆಯಲ್ಲಿ ಯಾರಿಗೂ ಇಲ್ಲ. ಲಿವರ್ ಸರಿಯಿದೆ ಅಂದಿದ್ದರು. ಎರಡನೇ ಪ್ರಶ್ನೆ ಉಳಿದಿದೆ ಅಕ್ಕ.

ಸ್ಲೈಡ್_ಅಕ್ಕ

ಅದೇ ನನಗಿಷ್ಟವಾದ ಪ್ರಶ್ನೆ. ರೋಗ ಕೆರಳಿರುವಾಗ ಚೂರು ಕಳಿಸಿದರೆ ನಮ್ಮ ಪಾಡು ಕೇಳಬೇಡಿ. ಗಾಯ ಮುಚ್ಚಲು ಅವಸರದಲ್ಲಿ ಹುಟ್ಟಿದ ಕೋಶಗಳ ನ್ಯೂಕ್ಲಿಯಸ್ ದೊಡ್ಡದಾಗಿ, ಕಪ್ಪಾಗಿ, ಒತ್ತೊತ್ತಾಗಿ ಕಾಣುತ್ತೆ. ಕ್ಯಾನ್ಸರ್‌ಗೆ ಮುಂಚಿನ ಹಂತ ಇದೆಯಲ್ಲ, ಡಿಸ್‌ಪ್ಲೇಸಿಯಾ, ಅದೂ ಹೆಚ್ಚೂಕಮ್ಮಿ ಹಾಗೇ ಕಾಣುತ್ತೆ. ಎರಡರಲ್ಲಿ ಯಾವುದು ಅಂತ ಹೇಳಲಾಗದೆ "ಖಚಿತವಿಲ್ಲ" ಅಂತ ಬರೆದು ಕಳಿಸ್ತೀವಿ. ಆಮೇಲೆ ರೋಗಿಗೂ ನಿದ್ದೆ ಇಲ್ಲ, ನಮಗೂ ಇಲ್ಲ. ಡಿಸ್‌ಪ್ಲೇಸಿಯಾ ಅಂತ ಬರೆಯುವ ಮುಂಚೆ ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ಸ್ಲೈಡ್ ತೋರಿಸೋದೂ ಅದಕ್ಕೇ.

ಹೊಟ್ಟೆ ಆರಾಮಾಗಿರುವಾಗ ಮಾಡಿಸಿ ಅನ್ನೋದು ಇದಕ್ಕೆ. ನೀವು ಚೆನ್ನಾಗಿದ್ದೀರಿ, ಅದಕ್ಕೇ ಈಗ.

ಇನ್ನೊಂದು. ಚೆನ್ನಾಗಿದ್ದೀನಿ ಅಂತ ನಿಮಗನಿಸೋದು ಬೇರೆ, ಕರುಳು ಚೆನ್ನಾಗಿರೋದು ಬೇರೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ. ಭೇದಿ ಇಲ್ಲ, ರಕ್ತ ಇಲ್ಲ, ಆದ್ರೆ ಸ್ಲೈಡಿನಲ್ಲಿ ಕೀವಿನ ಕಣ ಕಂಡಿದ್ದು ಎಷ್ಟೋ ಸಲ. ಕ್ಯಾನ್ಸರ್ ಲೆಕ್ಕಕ್ಕೆ ಬರೋದು ಆ ಕೆಂಡ.

ಕಷಾಯ_ಪ್ರಿಯ

ಮೇಡಂ, ಒಪ್ತೀನಿ. ಆದ್ರೆ ಸಾಮಾನ್ಯ ಜನಕ್ಕೂ ಕರುಳಿನ ಕ್ಯಾನ್ಸರ್ ಬರುತ್ತಲ್ಲ, ಅವರಿಗೆ ಪಾಲಿಪ್ ಬಂದು ಅದು ಬೆಳೆಯುತ್ತೆ ಅಂತ ಓದಿದ್ದೆ. ಪಾಲಿಪ್ ಇಲ್ಲದಿದ್ರೆ ಸರಿ ಅಲ್ವಾ?

ಸ್ಲೈಡ್_ಅಕ್ಕ

ಒಳ್ಳೆ ಪ್ರಶ್ನೆ ಅಣ್ಣ. ಕೊಲೈಟಿಸ್ ಕ್ಯಾನ್ಸರ್ ಬೇರೆ ದಾರಿ ಹಿಡಿಯೋದು ಇಲ್ಲೇ.

ಸಾಮಾನ್ಯ ದಾರಿಯಲ್ಲಿ ಎಪಿಸಿ ಅನ್ನೋ ಜೀನ್ ಮೊದಲು ಕೆಡುತ್ತೆ. ಅಣಬೆಯ ಹಾಗೆ ಪಾಲಿಪ್ ಏಳುತ್ತೆ, ವರ್ಷಗಟ್ಟಲೆ ಬೆಳೆಯುತ್ತೆ. ಪಿ53 ಅನ್ನೋ ಕಾವಲು ಜೀನ್ ಕೆಡೋದು ಕೊನೆಕೊನೆಗೆ. ಕೊಲೈಟಿಸ್‌ನಲ್ಲಿ ಉಲ್ಟಾ. ಪಿ53 ಮೊದಲೇ ಕೈಕೊಡುತ್ತೆ, ಎಪಿಸಿ ತಡವಾಗಿ. ಡಿಎನ್‌ಎ ಕೆಟ್ಟ ಕೋಶವನ್ನ ಸಾಯಿಸಬೇಕಾದ ಕಾವಲುಗಾರ ಮೊದಲೇ ಮಲಗಿದ್ರೆ ಹೇಗೆ? ಅಂಥ ಕೋಶದ ಸಂತಾನ ನಳಿಕೆಯಿಂದ ನಳಿಕೆಗೆ ಹಬ್ಬುತ್ತೆ. ಹುಣ್ಣಾಗಿ ಖಾಲಿಯಾದ ಜಾಗ ಬೇಕಾದಷ್ಟಿರುತ್ತೆ, ಮೊದಲು ಬಂದವರು ಸೈಟ್ ಹಿಡಿದ ಹಾಗೆ. ಮೇಲೆ ಏಳಲ್ಲ, ಅಡ್ಡಕ್ಕೆ ಹರಡುತ್ತೆ. ಹಾಗಾಗಿ ಎಷ್ಟೋ ಸಲ ಚಪ್ಪಟೆ, ಸುತ್ತಲಿನ ಬಣ್ಣದ್ದೇ. ಒಂದೇ ಕರುಳಲ್ಲಿ ಎರಡು ಮೂರು ಕಡೆ ಕಾಣಿಸೋದೂ ಉಂಟು.

ಉರಿಯೂತದ ರಾಸಾಯನಿಕಗಳೂ ಸುಮ್ನೆ ಕೂರಲ್ಲ. ಟಿಎನ್‌ಎಫ್‌ನಂಥವು ಇವೆ. ಕೋಶದೊಳಗೆ ಎನ್‌ಎಫ್ ಕಪ್ಪಾ ಬಿ ಅನ್ನೋ ಸ್ವಿಚ್ ಒತ್ತಿ "ಸಾಯಬೇಡ, ಬೆಳಿ" ಅಂತ ಹೇಳೋದೇ ಇವುಗಳ ಕೆಲಸ. ಗಾಯ ಮುಚ್ಚೋಕೆ ಅದು ಬೇಕು. ಕೆಟ್ಟ ಕೋಶಕ್ಕೂ ಅದೇ ಮಾತು ಕೇಳುತ್ತೆ ಅನ್ನೋದೇ ತೊಂದರೆ. 2004ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇಲಿಗಳ ಕರುಳ ಕೋಶದಲ್ಲಿ ಈ ಸ್ವಿಚ್ ನಡೆಸುವ ಒಂದು ಭಾಗ ತೆಗೆದುಹಾಕಿ ನೋಡಿದರು. ಉರಿಯೂತ ಕಡಿಮೆಯಾಗಲಿಲ್ಲ, ಗೆಡ್ಡೆಗಳು ಮಾತ್ರ ಸುಮಾರು 80% ಇಳಿದವು.

ಕಾಫಿಪುಡಿ_ಕಾಲು_ಕೆಜಿ

ಒಂದು ವಿಚಿತ್ರ ಸೇರಿಸ್ತೀನಿ. ಹೀಗೆ ಜಾಗ ಹಿಡಿಯುವ ಕೋಶಗಳೆಲ್ಲಾ ಕೆಟ್ಟವಲ್ಲ. 2020ರಲ್ಲಿ ಜಪಾನಿನ ಎರಡು ತಂಡಗಳು ಕೊಲೈಟಿಸ್ ಕರುಳು ಬಗೆದು ನೋಡಿದಾಗ, ಉರಿಯೂತದ ಕೂಗಿಗೆ ಕಿವುಡಾಗುವ ಹಾಗೆ ಜೀನ್ ಬದಲಾಯಿಸಿಕೊಂಡ ಕೋಶಗಳು ಅಗಲಕ್ಕೆ ಹಬ್ಬಿದ್ದವು. ಆದ್ರೆ ಕ್ಯಾನ್ಸರ್ ಗೆಡ್ಡೆಯೊಳಗೆ ಅದೇ ಬದಲಾವಣೆ ಸಿಗೋದು ಅಪರೂಪ. ಬದುಕುಳಿಯೋಕೆ ಕಲಿತವೆ, ದಾರಿ ತಪ್ಪಿಲ್ಲ.

ಬ್ಯಾಕ್ಟೀರಿಯಾದ್ದೂ ಪಾಲಿದೆ. ಕೆಲವು ಬಗೆಯ ಇ. ಕೋಲೈ ಕೊಲಿಬ್ಯಾಕ್ಟಿನ್ ಅನ್ನೋ ವಿಷ ಮಾಡ್ತವೆ, ಅದು ನೇರವಾಗಿ ಡಿಎನ್‌ಎ ಕೆಡಿಸುತ್ತೆ. ಒಳಪದರ ಗಟ್ಟಿ ಇದ್ರೆ ಅವು ಲೋಳೆಯ ಆಚೆ ಇರ್ತವೆ. ಹುಣ್ಣಾದ ಕರುಳಲ್ಲಿ ಬಾಗಿಲೇ ತೆರೆದಿರುತ್ತೆ.

ಕುಂದಾಪ್ರದವ

ಅಂಗಡಿ ಮುಚ್ಚಿ ಬಂದೆ. ನನ್ನ ಅಣ್ಣನ ಕಥೆ.

ಅಣ್ಣನಿಗೆ 22 ವರ್ಷ ಕೊಲೈಟಿಸ್. ಮೊದಲ ಹತ್ತು ವರ್ಷ ಪ್ರತಿ ಸಲ ಮಣಿಪಾಲದ ಕಡೆ ಬಸ್ ಹತ್ತಿ ಹೋಗಿ ತೋರಿಸ್ತಿದ್ದ. ಆಮೇಲೆ ಆರಾಮಾಯಿತು, ಹೋಗುವುದು ಬಿಟ್ಟ. ಮಾತ್ರೆಯೂ ಬಿಟ್ಟ. ನಾವೂ ಕೇಳಲಿಲ್ಲ, ಮೀನು ಪದಾರ್ಥ ಎರಡು ಸಲ ಹಾಕಿಸ್ಕೊಂಡು ಉಣ್ಣುವವನನ್ನ ಏನು ಕೇಳುವುದು? ಕೊನೆಗೆ ರಕ್ತ ಕಡಿಮೆ ಅಂತ ಪರೀಕ್ಷೆ ಮಾಡಿಸಿ, ಅಲ್ಲಿಂದ ಸ್ಕೋಪ್ ಆಗಿ, ಎಡಭಾಗದಲ್ಲಿ ಚಪ್ಪಟೆ ಜಾಗವೊಂದು ಸಿಕ್ಕಿತು. ಒಳಗೆ ಕ್ಯಾನ್ಸರ್ ಶುರುವಾಗಿತ್ತು, ಆಚೆ ಹೋಗಿರಲಿಲ್ಲ. ದೊಡ್ಡ ಕರುಳು ಪೂರ್ತಿ ತೆಗೆದರು. ಬೇರೆ ಕಡೆಯೂ ಬರಬಹುದು ಅಂತ.

ನಾಲ್ಕು ತಿಂಗಳು ಹೊಟ್ಟೆಗೆ ಬ್ಯಾಗ್. ಆಮೇಲೆ ಸಣ್ಣ ಕರುಳನ್ನೇ ಚೀಲದ ಹಾಗೆ ಹೊಲಿದು ಕೆಳಗೆ ಜೋಡಿಸಿದರು, ಪೌಚ್ ಅಂತಾರೆ. ದಿನಕ್ಕೆ ಐದಾರು ಸಲ ಹೋಗಬೇಕು, ಅಷ್ಟೇ. ಈಗ ಬೆಳಿಗ್ಗೆ ಬೈಕಿನಲ್ಲಿ ಬಂದರಿಗೆ ಅವನೇ ಹೋಗುವುದು, ಮೀನು ಆರಿಸುವುದರಲ್ಲಿ ನನ್ನನ್ನ ನಂಬುವುದಿಲ್ಲ.

ಆದರೆ ಆ ಬ್ಯಾಗಿನ ನಾಲ್ಕು ತಿಂಗಳು ಅವನು ಯಾರ ಮನೆಗೂ ಹೋಗಲಿಲ್ಲ. ತಂಗಿ ಮಗಳ ಮದುವೆಗೂ ಇಲ್ಲ.

ಧಾರವಾಡ_ಮಂದಿ

ನಂದು ಕ್ರೋನ್ಸ್ ರೀ. ಮೊದಲು ಕರುಳಿನ ಟಿಬಿ ಅಂದ್ರು, ಟಿಬಿ ಔಷಧಿ ಕೊಟ್ಟು ಮತ್ತ ಸ್ಕೋಪ್ ಮಾಡಿದ್ರು. ನಮ್ಮ ದೇಶದಾಗ ಎರಡೂ ಒಂದೇ ಥರ ಕಾಣ್ತಾವು, ಯಾರನ್ನೂ ಬೈಯಾಕ ಆಗೂದಿಲ್ಲ ಬಿಡ್ರಿ. ಹುಣ್ಣು ಹಂಗೇ ಇತ್ತು, ಆಗ ಕ್ರೋನ್ಸ್ ಅಂತ ಆತು. ನಮಗೂ ಈ ಕ್ಯಾನ್ಸರ್ ಲೆಕ್ಕ ಅದ ಏನ್ರಿ?

ಲೆಸ್ಟರ್_ಕನ್ನಡತಿ

ಇದೆ ಸರ್. ದೊಡ್ಡ ಕರುಳಿನಲ್ಲಿ ಕ್ರೋನ್ಸ್ ಇದ್ದರೆ ಕೊಲೈಟಿಸ್‌ಗೆ ಮಾಡುವ ಹಾಗೇ ತಪಾಸಣೆ. ಬರೀ ಸಣ್ಣ ಕರುಳಿನಲ್ಲಿದ್ದರೆ ದೊಡ್ಡ ಕರುಳಿಗೆ ಅದೇ ಕಾರಣಕ್ಕೆ ಸ್ಕೋಪ್ ಬೇಕಿಲ್ಲ. ಸಣ್ಣ ಕರುಳಿನ ಕ್ಯಾನ್ಸರ್ ಹೆಚ್ಚಾಗುತ್ತೆ ನಿಜ, ಆದ್ರೆ ಅದು ಮೂಲದಲ್ಲೇ ತೀರಾ ಅಪರೂಪದ್ದು. ನಿಮ್ಮ ರಿಪೋರ್ಟಿನಲ್ಲಿ ಎಲ್ಲೆಲ್ಲಿ ಅಂತ ಬರೆದಿರ್ತಾರೆ, ನೋಡಿ.

ಅರಸೀಕೆರೆ ಅಣ್ಣ, ಕುಂದಾಪುರದವರು ಹೇಳಿದ ಆ ಚಪ್ಪಟೆ ಜಾಗ ಹುಡುಕೋಕೆ ನಾವು ನೀಲಿ ಬಣ್ಣ ಸಿಂಪಡಿಸ್ತೀವಿ. ಇಂಡಿಗೊ ಕಾರ್ಮೈನ್ ಅಥವಾ ಮಿಥಿಲೀನ್ ಬ್ಲೂ. ಬಣ್ಣ ಸಂದಿಗಳಲ್ಲಿ ಇಳಿದ ಕೂಡಲೇ ಮಟ್ಟಸವಾಗಿ ಕಾಣ್ತಿದ್ದ ಜಾಗದ ಅಂಚು ಎದ್ದು ಬರುತ್ತೆ, ರಂಗೋಲಿ ಗೆರೆ ಎಳೆದ ಹಾಗೆ. ಬಣ್ಣ ಇಲ್ಲದ ಕಡೆ ಹಳೇ ಪದ್ಧತಿ, ಪ್ರತಿ 10 ಸೆಂಟಿಮೀಟರಿಗೆ ನಾಲ್ಕು ಚೂರು, ಒಟ್ಟು 33ರ ಮೇಲೆ. ಕಾಣುವ ಡಿಸ್‌ಪ್ಲೇಸಿಯಾವನ್ನ ಎಷ್ಟೋ ಸಲ ಸ್ಕೋಪಿನಲ್ಲೇ ಕೆತ್ತಿ ತೆಗೀಬಹುದು, ಕರುಳು ಉಳಿಯುತ್ತೆ.

ಆದ್ರೆ ಹೊಟ್ಟೆ ಕ್ಲೀನ್ ಇರಬೇಕು. ಮೂರು ದಿನ ಮುಂಚೆಯಿಂದ ರಾಗಿ ಮುದ್ದೆ, ಸೊಪ್ಪು, ಸೀಬೆಹಣ್ಣು, ಟೊಮೆಟೊ ಬೇಡ. ಬಿಳಿ ಅನ್ನ, ಮೊಸರು ಸಾಕು. ಕರುಳು ಖಾಲಿ ಮಾಡೋಕೆ ಕೊಡುವ ಪೌಡರ್ ನೀರು ಫ್ರಿಜ್‌ನಲ್ಲಿಟ್ಟು ತಣ್ಣಗೆ ಕುಡೀರಿ. ಕೊನೆಗೆ ಬರೋದು ತಿಳಿ ಹಳದಿ ನೀರಿನ ಹಾಗಿರಬೇಕು, ಗಷ್ಟು ಕಾಣಬಾರದು.

ಕಷಾಯ_ಪ್ರಿಯ

ಮಾತ್ರೆ ಬಿಡಿ ಅಂದಿದ್ದು ತಪ್ಪಾಯ್ತು. ಆದ್ರೆ ಅರಿಶಿನ ಪೂರ್ತಿ ಸುಳ್ಳಲ್ಲ ಅಲ್ವಾ ಮೇಡಂ?

ಸ್ಲೈಡ್_ಅಕ್ಕ

ಪೂರ್ತಿ ಸುಳ್ಳಲ್ಲ. ಅರಿಶಿನದ ಕರ್ಕ್ಯುಮಿನ್ ಸಾರವನ್ನ ಮೆಸಲಮೈನ್ ಜೊತೆ ಕೊಟ್ಟು ನೋಡಿದ ಚಿಕ್ಕ ಪ್ರಯೋಗಗಳಲ್ಲಿ ಉಪಯೋಗ ಕಂಡಿದೆ. ಜೊತೆಗೆ ಅಣ್ಣ, ಬದಲಿಗೆ ಅಲ್ಲ. ಅಡುಗೆ ಮನೆ ಡಬ್ಬಿಯ ಚಿಟಿಕೆ ಅರಿಶಿನಕ್ಕೂ ಆ ಸಾರಕ್ಕೂ ಬಹಳ ದೂರ. ತಗೊಳ್ಳೋದಾದ್ರೆ ಡಾಕ್ಟರಿಗೆ ಹೇಳಿ ತಗೊಳ್ಳಿ.

ಅರಸೀಕೆರೆ_ಜಂಕ್ಷನ್

ಹದಿನೆಂಟು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ.

ಹೆಂಡತಿಗೆ ಹೇಳಿದೆ. ಬೈದಳು, ಹೇಳದಿದ್ದಕ್ಕೆ. ಸ್ಕೋಪ್ ಆಯಿತು. ಪೌಡರ್ ನೀರು ಉಪ್ಪು ಹಾಕಿದ ನಿಂಬೆ ಷರಬತ್ತು ಕೆಟ್ಟ ಹಾಗಿತ್ತು, ಎರಡನೇ ಲೀಟರಿಗೆ ಅಳು ಬಂತು. ಸ್ಕೋಪ್ ಮಾತ್ರ ಗೊತ್ತೇ ಆಗಲಿಲ್ಲ, ನಿದ್ದೆ ಇಂಜೆಕ್ಷನ್ ಕೊಟ್ಟಿದ್ದರು. ಎದ್ದಾಗ ಟ್ರೇ ಮೇಲೆ ಪುಟ್ಟ ಪುಟ್ಟ ಬಾಟಲಿ, ಒಳಗೆ ಅಕ್ಕಿ ನುಚ್ಚಿನಷ್ಟು ಚೂರುಗಳು. ಪ್ರತಿಯೊಂದರ ಮೇಲೂ ನನ್ನ ಹೆಸರು.

ಡಾಕ್ಟರು ಒಳಗೆ ನೋಡಿದ್ದರಲ್ಲಿ ಎಲ್ಲಾ ಸರಿ ಇದೆ ಅಂದರು. ನೆನ್ನೆ ಬಯಾಪ್ಸಿ ರಿಪೋರ್ಟ್ ಬಂತು. ಡಿಸ್‌ಪ್ಲೇಸಿಯಾ ಎಲ್ಲೂ ಇಲ್ಲ. ಆದ್ರೆ ಒಂದು ಕಡೆ ಸಣ್ಣಗೆ ಉರಿಯೂತ ಇನ್ನೂ ಇದೆಯಂತೆ. ಡಾಕ್ಟರು ರಿಪೋರ್ಟ್ ಕೆಳಗಿಟ್ಟು ನನ್ನ ಮುಖ ನೋಡಿ, "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಅಂದರು.

ಇಲ್ಲಿ ಹೇಳಿರಲಿಲ್ಲ, ಈಗ ಹೇಳ್ತೀನಿ. ಒಂದೂವರೆ ವರ್ಷದಿಂದ ರಾತ್ರಿ ಮಾತ್ರೆ ಬಿಟ್ಟಿದ್ದೆ. ಚೆನ್ನಾಗಿದ್ದೀನಲ್ಲ ಅಂತ.

ಸ್ಲೈಡ್_ಅಕ್ಕ

ಯಾವ ಬಾಟಲಿ? ಗುದನಾಳದ್ದಾ, ಅದರ ಮೇಲಿನ ಭಾಗ ಸಿಗ್ಮಾಯ್ಡ್‌ದಾ?

ಅರಸೀಕೆರೆ_ಜಂಕ್ಷನ್

ಐದನೇದು ಅಕ್ಕ. ಸಿಗ್ಮಾಯ್ಡ್. ಇವತ್ತು ರಾತ್ರಿಯಿಂದ ಮತ್ತೆ ಶುರು, ಹೆಂಡತಿ ಊಟದ ತಟ್ಟೆ ಪಕ್ಕದಲ್ಲೇ ಮಾತ್ರೆ ಇಟ್ಟು ಕಾಯ್ತಿದ್ದಾಳೆ.